ಆಫೀಸ್‌ನಾಗ ಪಟ್ಟಿ ಎತ್ತೋಕಿಂತ ಮುಂಚೆ ಇದನ್ನೊಮ್ಮೆ ಓದ್ರಿ

ಆಫೀಸ್‌ನಾಗ ಯಾರಿಗರ ಕಷ್ಟ ಬಂತಂದ್ರ ನಮ್ಮ ಕಲಬುರಗಿ ಮಂದಿ ಸುಮ್ಕ ಕೂಡಂಗಿಲ್ಲ. ಚಹಾ ಟೈಮಿಗೆ ಒಬ್ಬರು ನೋಟ್‌ಬುಕ್‌ನಿಂದ ಹಾಳಿ ಹರಿದು ಹೆಸರು ಬರಿಲಾಕ ಶುರು ಮಾಡ್ತಾರ, ಸಂಜಿ ಮನಿಗಿ ಹೋಗೋದ್ರಾಗ ರೊಕ್ಕ ಕೂಡಿರ್ತದ. ಒಳ್ಳೇ ಕೆಲಸನೇ, ಅದಕ್ಕೇನೂ ತಕರಾರಿಲ್ಲ. ಆದ್ರ ಸರ್ಕಾರಿ ನೌಕರ ಅಂದಮ್ಯಾಲ ಇನ್ನೊಬ್ಬರ ಕಡಿಂದ ರೊಕ್ಕ ಕೂಡಿಸೋದಕ್ಕ ರೂಲ್ಸ್ ಅದಾವ, ಮತ್ತ ಬಾಳ ಮಂದಿಗಿ ಆ ರೂಲ್ಸ್ ಗೊತ್ತಾಗೋದು ಯಾರೋ ಒಬ್ಬರು ಕಂಪ್ಲೇಂಟ್ ಕೊಟ್ಟು ಕೈಯಾಗ ನೋಟಿಸ್ ಬಂದಾಗೇ. ಅದಕ್ಕ ಜಾತ್ರಿ ಚಂದಾ, ದವಾಖಾನಿ ಪಟ್ಟಿ, ಬೀಳ್ಕೊಡುಗೆ ವಂತಿಗೆ, ನೆರೆ ಸಂತ್ರಸ್ತರ ಕಿಟ್ಟು, ಏನೇ ಇರ್ಲಿ, ಹ್ಯಾಂಗ ಮಾಡಿದ್ರ ಸರಿ ಇರ್ತದ ಅಂತ ಒಂದೊಂದಾಗಿ ಬರೀತೀನಿ.

ಮೊದಲು ನಿಮಗ ಯಾವ ರೂಲ್ಸ್ ಅನ್ನೋದು ನೋಡ್ಕೋರಿ

ಮಿನಿ ವಿಧಾನಸೌಧದಾಗ, ತಹಶೀಲ್ದಾರ್ ಆಫೀಸ್‌ನಾಗ, ಸರ್ಕಾರಿ ಸಾಲಿಯೊಳಗ ಇರೋರಿಗೆ ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು, 2021. ಇದು ಹಳೇ 1966ರ ನಿಯಮದ ಜಾಗಕ್ಕ ಬಂದಿದ್ದು, ಇನ್ನೂ ಕೆಲವು ಆಫೀಸ್‌ನಾಗ ಹಳೇ ಪುಸ್ತಕನೇ ಇಟ್ಕೊಂಡು ಕೂತಾರ ಅದು ಬ್ಯಾರೆ ಮಾತು. ಅಂಚೆ ಇಲಾಖೆ, ಇನ್‌ಕಮ್ ಟ್ಯಾಕ್ಸ್‌ನಂಥ ಕೇಂದ್ರ ಸರ್ಕಾರದ ಆಫೀಸ್‌ನೋರಿಗೆ 1964ರ ಕೇಂದ್ರ ನಡತೆ ನಿಯಮ, ರೈಲ್ವೆದೋರಿಗೆ ಅವರದೇ 1966ರ ನಿಯಮ. ಜೆಸ್ಕಾಂ, ಕೆಕೆಆರ್‌ಟಿಸಿ, ಯೂನಿವರ್ಸಿಟಿ ಇಂಥಾ ಕಡಿ ಅವರವರ ಸೇವಾ ನಿಯಮ ಇರ್ತಾವ, ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಾಗ ಕೇಳಿದ್ರ ತೋರಸ್ತಾರ.

ತಿರುಳು ಮಾತ್ರ ಎಲ್ಲಾ ಕಡಿ ಹೆಚ್ಚುಕಡಿಮಿ ಒಂದೇ. ಕೇಂದ್ರದ 12ನೇ ನಿಯಮ ಏನು ಹೇಳ್ತದ ಅಂದ್ರ, ಸರ್ಕಾರದ ಇಲ್ಲಾ ಅದಕ್ಕಂತ ಗೊತ್ತು ಮಾಡಿದ ಅಧಿಕಾರಿಯ ಮುಂಚಿತ ಅನುಮತಿ ಇಲ್ಲದೇ ಯಾವ ಉದ್ದೇಶಕ್ಕೇ ಆಗ್ಲಿ ವಂತಿಗೆ ಕೇಳೋಹಂಗಿಲ್ಲ, ತಗೋಳ್ಳೋಹಂಗಿಲ್ಲ, ಕೂಡಿಸೋ ಕೆಲಸದಾಗ ಪಾಲ್ಗೊಳ್ಳೋಹಂಗೂ ಇಲ್ಲ. ರೊಕ್ಕ ಅಷ್ಟೇ ಅಲ್ಲ, ವಸ್ತು ರೂಪದ್ದೂ ಅದರಾಗೇ ಬರ್ತದ. "ನಾವು ರೊಕ್ಕ ತಗೊಂಡಿಲ್ರಿ, ಬರೀ ಅಕ್ಕಿ ಬ್ಯಾಳಿ ಕೂಡಿಸೀವಿ" ಅಂದ್ರ ನಡಿಯಂಗಿಲ್ಲ. ಮತ್ತ "ಯಾವ ಉದ್ದೇಶಕ್ಕೇ ಆಗ್ಲಿ" ಅನ್ನೋ ಮಾತು ನೋಡ್ರಿ, ಉದ್ದೇಶ ಎಷ್ಟು ಪುಣ್ಯದ್ದು ಅನ್ನೋದರ ಮ್ಯಾಲ ರೂಲ್ಸ್ ನಿಂತಿಲ್ಲ. ಕೇಳೋನು ಸರ್ಕಾರಿ ಕುರ್ಚಿ ಮ್ಯಾಲ ಕೂತಾನ, ಆ ಕುರ್ಚಿಗೆ ಅಂಜಿ ಯಾರೂ ಕಿಸೆಗೆ ಕೈ ಹಾಕಬಾರದು, ಅದಕ್ಕಂತಾನೇ ಇದನ್ನ ಮಾಡ್ಯಾರ.

ಪರ್ಮಿಶನ್ ಬ್ಯಾಡಾಗಿದ್ದು ಯಾವುದು

ಎಲ್ಲದಕ್ಕೂ ಅಂಜೋದೇನೂ ಬ್ಯಾಡ. ಕೇಂದ್ರದ ನಿಯಮದ ಕೆಳಗ ಸರ್ಕಾರನೇ ಕೊಟ್ಟ ವಿವರಣೆಯೊಳಗ ಇದು ಸಾಫ್ ಅದ. ನೀವು ನಿಮ್ಮ ಕಿಸೆದಿಂದ ಧರ್ಮಾರ್ಥ ನಿಧಿಗೆ ರೊಕ್ಕ ಕೊಡೋದು ತಪ್ಪಲ್ಲ, ಕೊಡೋದು ಬ್ಯಾರೆ ಕೇಳೋದು ಬ್ಯಾರೆ. ಧ್ವಜ ದಿನದ ವಂತಿಗೆ ಕೂಡಿಸೋ ಕೆಲಸಕ್ಕ ಸ್ವಂತ ಮನಸ್ಸಿನಿಂದ ಕೈ ಹಚ್ಚಿದ್ರ ಅದಕ್ಕೂ ಪ್ರತ್ಯೇಕ ಪರ್ಮಿಶನ್ ಬೇಕಿಲ್ಲ. ಪ್ರತಿ ವರ್ಷ ಡಿಸೆಂಬರ್ 7ಕ್ಕ ಸಶಸ್ತ್ರ ಪಡೆಗಳ ಧ್ವಜ ದಿನ ಅಂತ ಸಣ್ಣ ಸ್ಟಿಕ್ಕರ್ ಬರ್ತಾವಲ್ಲ, 1949ರಿಂದ ನಡ್ಕೊಂಡು ಬಂದಿದ್ದು, ಮಾಜಿ ಸೈನಿಕರಿಗೆ, ಹುತಾತ್ಮರ ಮನಿಯವರಿಗೆ ಹೋಗೋ ನಿಧಿ. ಆದ್ರ ಇದರಾಗೂ ಒಂದು ಆಟ ನಡೀತದ. ಮ್ಯಾಲಿಂದ ಇಂತಿಷ್ಟು ಸ್ಟಿಕ್ಕರ್ ಅಂತ ಕಟ್ಟು ಬರ್ತದ, ಆಫೀಸರು ಅದನ್ನ ಹೆಡ್ ಕ್ಲರ್ಕ್ ಟೇಬಲ್ ಮ್ಯಾಲ ಇಟ್ಟು "ಮುಗಿಸ್ರಿ" ಅಂತಾರ, ಅಲ್ಲಿಂದ ಅದು ಕೌಂಟರ್‌ಗೆ ಪಹಣಿ ತಗೊಳ್ಳಾಕ ಬಂದ ರೈತನ ಕೈಗೆ ಹೋಗ್ತದ. ಅಲ್ಲಿಗೆ ಅದು ಸ್ವಂತ ಮನಸ್ಸಿಂದು ಅನ್ನೋದು ಎಲ್ಲಿ ಉಳೀತು.

ಸಂಘದ ವಂತಿಗೆ ಇನ್ನೊಂದು. ನೌಕರರ ಸಂಘದ ಸದಸ್ಯರು ತಮ್ಮ ಸದಸ್ಯರ ಕಡಿಂದನೇ ಸಂಘದ ಕಲ್ಯಾಣ ಕೆಲಸಕ್ಕ ರೊಕ್ಕ ಕೂಡಿಸಿದ್ರ ಅಡ್ಡಿ ಇಲ್ಲ. ಅದೇ ಸಂಘ ಹೊರಗಿನ ಮಂದಿ ಕಡಿ ಕೈ ಚಾಚಿದ್ರ ಪರ್ಮಿಶನ್ ಬೇಕು. ಯಾರೋ ಒಬ್ಬ ಸದಸ್ಯನ ಮ್ಯಾಲ ಅವನದೇ ಸ್ವಂತ ವಿಷಯಕ್ಕ ಇಲಾಖೆ ಕ್ರಮ ತಗೊಂಡಾಗ ಅವನ ಕೇಸ್ ಖರ್ಚಿಗೆ ಅಂತ ಪಟ್ಟಿ ಎತ್ತೋದೂ ಬರಂಗಿಲ್ಲ.

ರಾಜಕೀಯ ಪಕ್ಷಕ್ಕ, ಪಕ್ಷದ ಹೋರಾಟಕ್ಕ ಚಂದಾ ವಿಷಯ ಬಿಟ್ಟೇ ಬಿಡ್ರಿ. ಅಲ್ಲಿ ಕೇಳೋದು ಅಷ್ಟೇ ಅಲ್ಲ, ನೀವು ಕೊಡೋದೂ ತಪ್ಪೇ.

ರೊಕ್ಕ ಕೇಳೋ ಮುಂಚೆ ರೊಕ್ಕ ಖರೇನೇ ಬೇಕೇನು ಅಂತ ನೋಡ್ರಿ

ಇದನ್ನ ಯಾರೂ ಮಾಡಂಗಿಲ್ಲ, ಅದಕ್ಕ ಸ್ವಲ್ಪ ಜಾಸ್ತಿ ಬರೀತೀನಿ. ನಮ್ಮ ಆಫೀಸ್‌ಗಳೊಳಗ ಏಳೋ ಪಟ್ಟಿಯೊಳಗ ಜಾಸ್ತಿ ಇರೋದು ದವಾಖಾನಿ ಪಟ್ಟಿನೇ. ಅದೂ ಬಾಳ ಸಲ ಹೊರಗುತ್ತಿಗೆ ಡ್ರೈವರ್, ಸ್ವೀಪರ್, ಡಾಟಾ ಎಂಟ್ರಿ ಹುಡುಗರದು. ಪರ್ಮನೆಂಟ್ ನೌಕರರಿಗೆ ಸರ್ಕಾರದ ನಗದು ರಹಿತ ಚಿಕಿತ್ಸೆ ಸೌಲಭ್ಯ ಅದ, ಹೊರಗುತ್ತಿಗೆಯೋರಿಗೆ ಅದಿಲ್ಲ. ಆದ್ರ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ರ, ಏಜೆನ್ಸಿಯವರು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟಿರಲೇಬೇಕು. ಮೊದಲು ಆ ಹುಡುಗನ ಇಎಸ್‌ಐ ನಂಬರ್ ಕೇಳ್ರಿ, ಅವನಿಗೇ ಗೊತ್ತಿಲ್ಲ ಅಂದ್ರ ಏಜೆನ್ಸಿಗೆ ಫೋನ್ ಹಚ್ಚಿಸ್ರಿ, ಯಾಕಂದ್ರ ಸೇಡಂ ರೋಡಿನಾಗ ಅಷ್ಟು ದೊಡ್ಡ ಇಎಸ್‌ಐ ದವಾಖಾನಿ ಇಟ್ಕೊಂಡು ನಾವು ಪ್ರೈವೇಟ್ ಬಿಲ್ಲಿಗೆ ಪಟ್ಟಿ ಎತ್ತೋದು ಯಾವ ಶಾಣ್ಯಾತನ. ಏಜೆನ್ಸಿಯವನು ಸಂಬಳದಾಗ ಹಿಡ್ಕೊಂಡು ಕಟ್ಟಿಲ್ಲ ಅಂತ ಗೊತ್ತಾದ್ರ ಅದು ಪಟ್ಟಿ ಎತ್ತೋ ವಿಷಯ ಅಲ್ಲ, ಏಜೆನ್ಸಿ ಮ್ಯಾಲ ಬರೆದು ಕೊಡೋ ವಿಷಯ.

ಮನಿಯಾಗ ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಕುಟುಂಬಕ್ಕ 5 ಲಕ್ಷದ ತನ ಬರ್ತದ. ಹಾರ್ಟಿಂದು ಅಂದ್ರ ಕಲಬುರಗಿಯೊಳಗೇ ಜಯದೇವ ಅದ, ಬೆಂಗಳೂರಿಗೆ ಹೋಗೋ ಖರ್ಚಿಗಂತ ರೊಕ್ಕ ಕೂಡಿಸೋ ಮುಂಚೆ ಅಲ್ಲಿ ಒಂದು ಸಲ ತೋರಿಸ್ರಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕ್ಲಾಕ ಬರ್ತದ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಧಾರ್, ರೇಷನ್ ಕಾರ್ಡ್ ಎಲ್ಲಾ ಜೋಡಿಸಿ ಇಟ್ಕೋಬೇಕು. ಆ ಕಾಗದ ಜೋಡಿಸಿ ಕೊಡೋದೇ ಒಂದು ದೊಡ್ಡ ಸಹಾಯ ಆಗ್ತದ, ಅದೂ ದಿನಾ ಫೈಲ್ ಕಟ್ಟೋ ನಮ್ಮಂಥೋರ ಕೈಯಿಂದ ಆದ್ರ.

ಇಷ್ಟೆಲ್ಲಾ ಆಗಿ ಇನ್ನೂ ಕಮ್ಮಿ ಬಿದ್ದಿದ್ದಕ್ಕ ಪಟ್ಟಿ.

ಅರ್ಜಿ ಬರಿಯೋದು

ಬಾಯಿಮಾತಿಂದು ಪರ್ಮಿಶನ್ ಪರ್ಮಿಶನ್ ಅಲ್ಲ. "ಸಾಹೇಬ್ರಿಗಿ ಹೇಳೀನ್ರಿ, ಹೂಂ ಅಂದಾರ" ಅನ್ನೋದು ಸಾಹೇಬ್ರು ಟ್ರಾನ್ಸ್‌ಫರ್ ಆಗೋ ತನ ಮಾತ್ರ ನಡೀತದ. ಆಫೀಸ್ ಮುಖ್ಯಸ್ಥರ ಮೂಲಕ ಒಂದು ಪುಟದ ಅರ್ಜಿ ಕೊಡ್ರಿ, ಅವರಿಗೇ ಅಧಿಕಾರ ಇದ್ರ ಅವರೇ ಸಹಿ ಮಾಡ್ತಾರ, ಇಲ್ಲಾ ಅಂದ್ರ ಮ್ಯಾಲ ಕಳಸ್ತಾರ. ಟಪಾಲಿನಾಗ ಹಾಕಿ ಸ್ವೀಕೃತಿ ತಗೋರಿ. ಹಿಂಗ ಬರೀರಿ:

"ಮಾನ್ಯರೇ, ನಮ್ಮ ಕಚೇರಿಯ ಹೊರಗುತ್ತಿಗೆ ವಾಹನ ಚಾಲಕರ ಚಿಕಿತ್ಸೆಗಾಗಿ ಕಚೇರಿಯ ಸಿಬ್ಬಂದಿಯಿಂದ ಮಾತ್ರ, ಸ್ವಯಂಪ್ರೇರಿತವಾಗಿ ವಂತಿಗೆ ಸಂಗ್ರಹಿಸಲು ಅನುಮತಿ ಕೋರುತ್ತೇನೆ. ಸಂಗ್ರಹವು ಅನುಮತಿ ದೊರೆತ ದಿನದಿಂದ ಹದಿನೈದು ದಿನಗಳಲ್ಲಿ ಮುಗಿಯುವುದು. ಹಣವು ನೇರವಾಗಿ ಅವರ ಪತ್ನಿಯ ಬ್ಯಾಂಕ್ ಖಾತೆಗೆ ಜಮೆಯಾಗುವುದು. ಸಾರ್ವಜನಿಕರಿಂದ, ಗುತ್ತಿಗೆದಾರರಿಂದ ಯಾವುದೇ ಮೊತ್ತ ಪಡೆಯುವುದಿಲ್ಲ. ಕೆಲಸದ ವೇಳೆಗೆ ಅಡ್ಡಿಯಾಗದಂತೆ ನೋಡಿಕೊಳ್ಳಲಾಗುವುದು. ಮುಗಿದ ನಂತರ ಲೆಕ್ಕಪತ್ರ ಸಲ್ಲಿಸಲಾಗುವುದು."

ಇದರಾಗ ಪ್ರತಿಯೊಂದು ಸಾಲಿಗೂ ಅರ್ಥ ಅದ. "ಸಿಬ್ಬಂದಿಯಿಂದ ಮಾತ್ರ" ಅನ್ನೋದು ಬಿಟ್ರ ನಾಳೆ ಕಾಂಟ್ರಾಕ್ಟರ್ ಒಬ್ಬ ತಾನೇ ಬಂದು ಹತ್ತು ಸಾವಿರ ಟೇಬಲ್ ಮ್ಯಾಲ ಇಟ್ಟು ಹೋಗ್ತಾನ, ಅವನ ಬಿಲ್ಲು ನಿಮ್ಮ ಸೆಕ್ಷನ್‌ನಾಗೇ ಪೆಂಡಿಂಗ್ ಇರ್ತದ, ಆಮ್ಯಾಲ ನೀವು ಏನು ಹೇಳಿದ್ರೂ ಯಾರೂ ನಂಬಂಗಿಲ್ಲ. ಹದಿನೈದು ದಿನ ಅಂತ ಹಾಕದಿದ್ರ ಪಟ್ಟಿ ಮುಂದಿನ ವರ್ಷದ ತನ ಡ್ರಾಯರ್‌ನಾಗ ಇರ್ತದ.

ಆ ಹೆಸರಿನ ಪಟ್ಟಿ, ಅದನ್ನ ಬಿಡ್ರಿ

ನನ್ನ ಪ್ರಕಾರ ಇಡೀ ವ್ಯವಹಾರದಾಗ ಕೆಟ್ಟದ್ದು ಅಂದ್ರ ಆ ಹಾಳಿ. ಗೆರಿ ಹಾಕಿದ ಹಾಳಿ, ಎಡಕ್ಕ ಹೆಸರು, ಬಲಕ್ಕ ಮೊತ್ತ, ಕೊನಿಗೆ ಸಹಿ. ಮೊದಲನೇ ಸಾಲಿನಾಗ ಸಾಹೇಬ್ರ ಹೆಸರು, ಮುಂದ 2000. ಎರಡನೇದು ಸೂಪರಿಂಟೆಂಡೆಂಟ್ 1000. ಆಮ್ಯಾಲ ಎಫ್‌ಡಿಎಗಳೆಲ್ಲಾ 500, 500, 500 ಅಂತ ಒಂದರ ಕೆಳಗೊಂದು. ಹಿಂಗ ಹಾಳಿ ಕೆಳಗ ಇಳಿದು ಬಂದು ಅಟೆಂಡರ್ ಹತ್ತಿರ ನಿಂತಾಗ ಅಂವ ಏನು ಬರೀಬೇಕು? ಮಗಳ ಫೀಸ್ ಕಟ್ಟೋದಿರ್ತದ, ಸೊಸೈಟಿ ಸಾಲದ ಕಂತು ಹೋಗಿ ಕೈಯಾಗ ಉಳಿಯೋದು ಅಷ್ಟರಾಗೇ ಅದ, ಆದ್ರೂ 100 ಅಂತ ಬರಿಲಾಕ ನಾಚ್ಕಿ, ಯಾಕಂದ್ರ ಹಾಳಿ ನಾಳೆ ಮತ್ತ ಸಾಹೇಬ್ರ ಟೇಬಲ್‌ಗೆ ಹೋಗ್ತದ. ಪೆನ್ನು ಹಿಡ್ಕೊಂಡು ಎದುರಿಗಿ ನಿಂತೋನು ಹೆಡ್ ಕ್ಲರ್ಕು, "ನಿಮ್ಮಷ್ಟಕ್ಕ ಎಷ್ಟು ಆಗ್ತದ ಅಷ್ಟು ಹಾಕ್ರಿ ಅಣ್ಣಾ, ಏನ್ ಒತ್ತಾಯ ಇಲ್ಲ" ಅಂತಿರ್ತಾನ. ಬಾಯಾಗ ಇಲ್ಲ ಅಂದ್ರೂ ಹಾಳಿಯೊಳಗ ಒತ್ತಾಯ ಇರ್ತದ.

ವಾಟ್ಸಾಪ್ ಗ್ರೂಪ್‌ನಾಗ ಇನ್ನೂ ಕೆಟ್ಟು. ಒಬ್ಬ ಫೋನ್‌ಪೇ ಸ್ಕ್ರೀನ್‌ಶಾಟ್ ಹಾಕ್ತಾನ, ಅದರ ಕೆಳಗ ಕೈ ಮುಗಿಯೋ ಚಿತ್ರ, ಆಮ್ಯಾಲ ಸಾಲಾಗಿ ಸ್ಕ್ರೀನ್‌ಶಾಟ್‌ಗಳು, ಹಾಕದೇ ಇದ್ದೋರು ಯಾರು ಅಂತ ಲೆಕ್ಕ ಹಾಕೋದು ಯಾರಿಗೂ ಕಷ್ಟ ಅಲ್ಲ. ಅದರಾಗ ಒಬ್ಬ ಅಡ್ಮಿನ್ "ಇನ್ನೂ ಏಳು ಮಂದಿ ಬಾಕಿ ಅದಾರ" ಅಂತ ಬರೆದ್ರ ಮುಗೀತು.

ಅದಕ್ಕ ಹಿಂಗ ಮಾಡ್ರಿ. ಒಂದು ಸಲ, ಒಂದೇ ಸಲ, ನೋಟಿಸ್ ಬೋರ್ಡಿಗೆ ಒಂದು ಚೀಟಿ: ಯಾರಿಗೆ, ಏನಾಗ್ಯಾದ, ಯಾವ ಖಾತೆ, ಕೊನೀ ದಿನ ಯಾವುದು, ಪರ್ಮಿಶನ್ ಪತ್ರದ ನಂಬರ್ ಏನು. ಕಾಯಿಲೆ ವಿವರ ಜಾಸ್ತಿ ಬರಿಬ್ಯಾಡ್ರಿ, ಅವರ ಮನಿಯವರನ್ನ ಕೇಳಿ ಅವರು ಒಪ್ಪಿದಷ್ಟೇ ಬರೀರಿ. ನಗದು ಕೊಡೋರಿಗೆ ಬೀಗ ಹಾಕಿದ ಡಬ್ಬಿ ಇಡ್ರಿ, ಅಂಥದ್ದನ್ನ ಸಾಹೇಬ್ರ ಚೇಂಬರ್ ಮುಂದ ಅಲ್ಲ, ನೀರಿನ ಫಿಲ್ಟರ್ ಹತ್ತಿರನೋ ಎಲ್ಲೋ ಇಡಬೇಕು. ಯಾರು ಎಷ್ಟು ಕೊಟ್ರು ಅಂತ ಗ್ರೂಪ್‌ನಾಗ ಹಾಕಬ್ಯಾಡ್ರಿ. ಒಟ್ಟು ಎಷ್ಟಾಯ್ತು ಅಂತ ಹಾಕ್ರಿ ಸಾಕು.

ಮತ್ತ ಸಾಹೇಬ್ರು ತಾವೇ ಕೇಳೋದು ಬ್ಯಾಡ. ಈ ವಿಷಯದಾಗ ಅಮೆರಿಕದೋರು ಒಂದು ಒಳ್ಳೇ ಪದ್ಧತಿ ಮಾಡ್ಕೊಂಡಾರ. ಅಲ್ಲಿಯ ಕೇಂದ್ರ ಸರ್ಕಾರದ ನೌಕರರ ಕಡಿಂದ ದಾನ ಕೇಳ್ಲಾಕ ಕಂಬೈನ್ಡ್ ಫೆಡರಲ್ ಕ್ಯಾಂಪೇನ್ ಅಂತ ಒಂದೇ ಅಭಿಯಾನ, 1961ರಿಂದ ಅದ, ವಿಪತ್ತಿನ ಟೈಮಿಗೆ ಬಿಟ್ರ ಆಫೀಸ್‌ನಾಗ ಬ್ಯಾರೆ ಯಾವ ಸಂಸ್ಥೆಗೂ ರೊಕ್ಕ ಕೇಳೋಹಂಗಿಲ್ಲ. ಅದರ ನಿಯಮದಾಗ ಮೇಲಧಿಕಾರಿ ತನ್ನ ಕೈಕೆಳಗಿನೋರನ್ನ ಕೇಳಬಾರದು, ಕೊಟ್ಟೀಯೋ ಇಲ್ಲೋ ಅಂತ ವಿಚಾರಿಸಬಾರದು, ನೂರಕ್ಕ ನೂರು ಮಂದಿ ಕೊಡಬೇಕು ಅಂತ ಗುರಿ ಇಡಬಾರದು ಅಂತ ಬರೆದಾರ. ನಮ್ಮ ಕಡಿ ಅಂಥಾ ಪುಸ್ತಕ ಇಲ್ಲದಿದ್ರೂ ಈ ಮೂರು ಮಾತು ನಮ್ಮ ಆಫೀಸ್‌ಗಳಿಗೂ ಹೊಂದ್ತಾವ, ಸಾಹೇಬ್ರಿಗೆ ಕೊಡೋ ಮನಸ್ಸಿದ್ರ ಎಲ್ಲರಂಗ ಅವರೂ ಡಬ್ಬಿಗಿ ಹಾಕ್ಲಿ.

ಒಂದು ದಿನದ ಸಂಬಳ

ನೆರೆ ಬಂದಾಗ, ಕೊರೊನಾ ಬಂದಾಗ ಒಂದು ದಿನದ ಸಂಬಳ ಮುಖ್ಯಮಂತ್ರಿ ನಿಧಿಗೆ ಅಂತ ಸಂಘ ಒಪ್ಕೊಂಡು ಬರ್ತದ, ಸರ್ಕಾರದ ಆದೇಶ ಆಗ್ತದ, ಸಂಬಳ ಬಿಲ್ಲಿನಾಗ ಕಡಿತ ಆಗ್ತದ. ಇದು ಪಟ್ಟಿಗಿಂತ ಎಷ್ಟೋ ಪಾಲು ಮ್ಯಾಲ, ರೊಕ್ಕ ಯಾರ ಕೈಗೂ ಬರದೇ ನೇರ ಹೋಗ್ತದ. ಆದ್ರೂ ಕೊಡ್ಲಾಕ ಆಗದೋರ ಗತಿ ಏನು? 2018ರಾಗ ಕೇರಳದಾಗ ದೊಡ್ಡ ನೆರೆ ಬಂದಾಗ ಅಲ್ಲಿ ಸರ್ಕಾರ ಒಂದು ತಿಂಗಳ ಸಂಬಳ ಕೇಳಿತ್ತು, ಕೊಡ್ಲಾಕ ಮನಸ್ಸಿಲ್ಲದೋರು ಹಂಗಂತ ಬರೆದು ಕೊಡಬೇಕು ಅಂತ ಒಂದು ಷರತ್ತು ಹಾಕಿತ್ತು. ಆ ಷರತ್ತಿಗೆ ಹೈಕೋರ್ಟ್ ತಡೆ ಕೊಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದ್ರ ಅಲ್ಲೂ ಅದೇ ಅಕ್ಟೋಬರ್‌ನಾಗ ತಡೆ ತೆರವು ಮಾಡ್ಲಿಲ್ಲ. ನಿಧಿಗೆ ಕೇಳೋದು ತಪ್ಪಲ್ಲ, "ನಾ ಕೊಡಂಗಿಲ್ಲ" ಅಂತ ಮಂದಿ ಕೈಯಿಂದ ಬರೆಸ್ಕೊಳ್ಳೋದು ತಪ್ಪು. ಡಿಡಿಓ (ಸಂಬಳ ಬಿಲ್ಲಿಗೆ ಸಹಿ ಮಾಡೋ ಅಧಿಕಾರಿ) ಇದ್ದೋರು, ಬಿಲ್ಲು ಮಾಡೋ ಕೇಸ್ ವರ್ಕರ್ ಇದ್ದೋರು ಇದನ್ನ ನೆನಪಿಡ್ರಿ. ಒಪ್ಪಿದೋರ ಒಪ್ಪಿಗೆ ತಗೋರಿ, ಒಪ್ಪದೋರ ಪಟ್ಟಿ ಮಾಡಬ್ಯಾಡ್ರಿ.

ಕೌಂಟರ್‌ನ ಆಚೆ ನಿಂತೋರನ್ನ ಕೇಳೋದೇ ಬ್ಯಾಡ

ಆಯುಧ ಪೂಜಿ, ರಾಜ್ಯೋತ್ಸವ, ಗಣಪತಿ, ಶರಣಬಸವೇಶ್ವರ ಜಾತ್ರಿ ದಾಸೋಹ, ಉರುಸು ಏನೇ ಇರ್ಲಿ, ಕೆಲಸಕ್ಕಂತ ಬಂದ ಸಾರ್ವಜನಿಕರ ಕಡಿ, ಡೀಡ್ ರೈಟರ್ ಕಡಿ, ಕಾಂಟ್ರಾಕ್ಟರ್ ಕಡಿ ಒಂದು ರೂಪಾಯಿನೂ ಕೇಳಬ್ಯಾಡ್ರಿ, ರಸೀದಿ ಕೊಟ್ರೂ ಅಷ್ಟೇ. ಫೈಲ್ ನಿಮ್ಮ ಕೈಯಾಗ ಇದ್ದಾಗ ತಗೊಂಡ ರೊಕ್ಕಕ್ಕ ದೇವರ ಹೆಸರು ಹಚ್ಚಿದ್ರೂ ಭ್ರಷ್ಟಾಚಾರ ತಡೆ ಕಾಯ್ದೆ ಮುಂದ ಅದು ಅನುಚಿತ ಲಾಭ ಆಗಬಹುದು, ಲೋಕಾಯುಕ್ತದೋರು ಬಂದು ನಿಂತಾಗ "ದಾಸೋಹಕ್ಕ ರೀ ಸರ" ಅಂದ್ರ ಕೇಳಂಗಿಲ್ಲ. 1988ರ ಆ ಕಾಯ್ದೆಯನ್ನ 2018ರಾಗ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡ್ಯಾರ.

ಸಾಲಿ ಮಾಸ್ತರರಿಗೂ ಇದೇ ಮಾತು. ಮಕ್ಕಳ ಕೈಯಾಗ ಸ್ಟಿಕ್ಕರ್ ಕೊಟ್ಟು "ನಾಳೆ ಹತ್ತು ರೂಪಾಯಿ ತರ್ರಿ" ಅನ್ನೋದು ಸಣ್ಣ ವಿಷಯ ಅನಿಸ್ತದ, ಆದ್ರ ಕೂಲಿ ಮನಿ ಹುಡುಗ ಹತ್ತು ರೂಪಾಯಿ ಇಲ್ಲ ಅಂತ ಸಾಲಿ ತಪ್ಪಿಸ್ತಾನ. 2022ರ ಅಕ್ಟೋಬರ್‌ನಾಗ ಪಾಲಕರ ಕಡಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ತಗೋಬಹುದು ಅಂತ ಇಲಾಖೆಯಿಂದ ಸುತ್ತೋಲೆ ಬಂದಿತ್ತಲ್ಲ, ಎಷ್ಟು ಗದ್ದಲ ಆಯ್ತು, ಕೆಲವೇ ದಿನದಾಗ ವಾಪಸ್ ತಗೊಂಡ್ರು. ಸ್ವಯಂಪ್ರೇರಿತ ಅಂತ ಬರೆದಿದ್ರೂ ಮಂದಿ ನಂಬಲಿಲ್ಲ, ಯಾಕಂದ್ರ ಮಗ ಕೂತಿರೋದು ಆ ಮಾಸ್ತರರ ಕ್ಲಾಸ್‌ನಾಗೇ. ಊರಿನೋರು, ಹಳೇ ವಿದ್ಯಾರ್ಥಿಗಳು ತಾವಾಗೇ ಸಾಲಿಗೆ ಏನರ ಕೊಡ್ತೀವಿ ಅಂತ ಬಂದ್ರ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಮೂಲಕ ತಗೊಂಡು, ಠರಾವು ಬರೆದು, ರಸೀದಿ ಕೊಡ್ರಿ.

ಬೀಳ್ಕೊಡುಗೆ

ತಿಂಗಳ ಕೊನೀ ದಿನ ಯಾರರ ಒಬ್ಬರು ರಿಟೈರ್ ಆಗ್ತಾರ, ಶಾಲು, ಹಾರ, ಊಟ, ಎಲ್ಲಾ ಸರಿ. ಕೇಂದ್ರದ 14ನೇ ನಿಯಮದಾಗ ಖಾಸಗಿಯಾಗಿ, ಸರಳವಾಗಿ ಮಾಡೋ ಬೀಳ್ಕೊಡುಗೆಗೆ ಅಡ್ಡಿ ಇಲ್ಲ ಅಂತದ, ಆದ್ರ ವಂತಿಗೆಗೆ ಯಾರ ಮ್ಯಾಲೂ ಒತ್ತಡ ಹಾಕಬಾರದು. ಮತ್ತ ಸಿ, ಡಿ ದರ್ಜೆ ನೌಕರರ ಕಡಿಂದ ಮ್ಯಾಲಿನ ದರ್ಜೆ ಅಧಿಕಾರಿಯ ಬೀಳ್ಕೊಡುಗೆಗೆ ಯಾವ ಕಾರಣಕ್ಕೂ ರೊಕ್ಕ ತಗೊಳ್ಳೋಹಂಗೇ ಇಲ್ಲ ಅಂತ ಸಾಫ್ ಬರೆದಾರ. ಸಾಹೇಬ್ರಿಗಿ ಬಂಗಾರದ ಉಂಗುರ ಹಾಕಬೇಕು ಅಂತ ಪ್ಯೂನ್ ಕಡಿಂದನೂ 300 ಎತ್ತೋ ಆಫೀಸ್ ನಾನೂ ನೋಡೀನಿ. ಖರೇ ಹೇಳಬೇಕಂದ್ರ ಆ ಸಾಹೇಬ್ರಿಗೂ ಆ ಉಂಗುರ ಬ್ಯಾಡಾಗಿರ್ತದ, ನಡುವಿನೋರ ಉತ್ಸಾಹ ಅದು.

ನೆರೆ ಬಂದಾಗ

2020ರ ಅಕ್ಟೋಬರ್‌ನಾಗ ಭೀಮಾ ತುಂಬಿ ಅಫಜಲಪುರ, ಜೇವರ್ಗಿ ಕಡಿ ಹಳ್ಳಿ ಹಳ್ಳಿನೇ ನೀರಾಗ ನಿಂತಾಗ ರೊಟ್ಟಿ, ಚಾದರ, ಅರಿವಿ ಎಲ್ಲಾ ಕೂಡಿಸಿದೋರು ಬಾಳ ಮಂದಿ. ಅಂಥಾ ಟೈಮಿಗೆ ಪರ್ಮಿಶನ್‌ಗಂತ ವಾರ ಕಾಯ್ಲಾಕ ಆಗಂಗಿಲ್ಲ, ಅದಕ್ಕ ಆಫೀಸ್ ಮುಖ್ಯಸ್ಥರ ಒಂದು ಸಾಲಿನ ಷರಾ ಆದ್ರೂ ಅವತ್ತೇ ತಗೊಂಡು ಶುರು ಮಾಡ್ರಿ. ಸಾಮಾನು ತಾವೇ ಗಾಡಿ ಮಾಡ್ಕೊಂಡು ಒಯ್ದು ಹಂಚೋದಕ್ಕಿಂತ ತಹಶೀಲ್ದಾರರ ಕಾಳಜಿ ಕೇಂದ್ರಕ್ಕ ಕೊಟ್ಟು ಎಷ್ಟು ಚಾದರ, ಎಷ್ಟು ಕಿಲೋ ಜ್ವಾಳದ ಹಿಟ್ಟು ಅಂತ ಬರೆಸಿ ಸಹಿ ತಗೋರಿ. ಹಳೇ ಅರಿವಿ ಮಾತ್ರ ಬ್ಯಾಡ, ಅಲ್ಲಿ ಕೊಳೀತಾವ.

ರೊಕ್ಕದ ಲೆಕ್ಕ

ನಿಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಾಕಬ್ಯಾಡ್ರಿ, ಎಷ್ಟೇ ನಂಬಿಕಸ್ತ ಇದ್ರೂ. ಮೂವತ್ತು ಮಂದಿ ರೊಕ್ಕ ನಿಮ್ಮ ಸಂಬಳದ ಖಾತೆಗೆ ಬಂದು ಹೋಗಿದ್ದನ್ನ ನಾಲ್ಕು ವರ್ಷ ಆದ್ಮ್ಯಾಲ ಯಾರರ ಕೇಳಿದ್ರ ಉತ್ತರ ಕೊಡೋದು ನೀವೇ. ರೋಗಿ ಮನಿಯವರ ಖಾತೆ ಇಲ್ಲಾ ದವಾಖಾನಿ ಬಿಲ್ಲಿಂಗ್ ಕೌಂಟರ್, ಎರಡರಾಗ ಒಂದು. ಡಬ್ಬಿಯನ್ನ ಇಬ್ಬರು ಕೂಡಿ ತೆಗಿಬೇಕು, ಒಬ್ಬರು ಮಹಿಳಾ ಸಿಬ್ಬಂದಿ ಇದ್ರ ಛಲೋ, ಎಣಿಸಿ ಅಲ್ಲೇ ಬರೆದು ಇಬ್ಬರೂ ಸಹಿ ಮಾಡಿ ಅವತ್ತೇ ಬ್ಯಾಂಕಿಗೆ. ಮುಗಿದಮ್ಯಾಲ ಒಂದು ಪುಟದ ಲೆಕ್ಕ: ಎಷ್ಟು ಬಂತು, ಯಾವ ದಿನ ಎಲ್ಲಿಗೆ ಹೋಯ್ತು, ರಸೀದಿ ನಕಲು. ಅದನ್ನ ಪರ್ಮಿಶನ್ ಕೊಟ್ಟ ಫೈಲಿಗೇ ಹಚ್ಚಿ ಮುಕ್ತಾಯ ಮಾಡ್ರಿ. ರೊಕ್ಕ ಉಳಿದ್ರ "ಮುಂದಿನ ಸಲಕ್ಕ ಇರ್ಲಿ" ಅಂತ ಇಟ್ಕೊಳ್ಳೋದು ಬ್ಯಾಡ.

ಟ್ಯಾಕ್ಸ್ ರಿಯಾಯಿತಿ ಬಗ್ಗೆ ಬಾಳ ಮಂದಿ ಕೇಳ್ತಾರ. ಸಹೋದ್ಯೋಗಿ ಮನಿಗೆ ಕೊಟ್ಟ ರೊಕ್ಕಕ್ಕ ಏನೂ ಸಿಗಂಗಿಲ್ಲ. ಮುಖ್ಯಮಂತ್ರಿ ನಿಧಿಗೆ, ನೋಂದಾಯಿತ ಸಂಸ್ಥೆಗೆ ಕೊಟ್ಟಿದ್ದಕ್ಕ 80ಜಿ ಅಂತ ನಾವು ಕರಿಯೋ ರಿಯಾಯಿತಿ ಹಳೇ ತೆರಿಗೆ ಪದ್ಧತಿಯಾಗ ಇದ್ದೋರಿಗೆ ಮಾತ್ರ, ಅದೂ ನಗದು 2000 ದಾಟಿದ್ರ ಇಲ್ಲ.

ಹೊರಗಿಂದ ರಸೀದಿ ಪುಸ್ತಕ ಹಿಡ್ಕೊಂಡು ಬರೋರು

ಲ್ಯಾಮಿನೇಟ್ ಮಾಡಿದ ಫೋಟೋ, ಅನಾಥಾಶ್ರಮದ ಹೆಸರು, ಟೇಬಲ್‌ನಿಂದ ಟೇಬಲ್‌ಗೆ. ಇವರನ್ನ ಬೈಯೋದು ಬ್ಯಾಡ, ಒಳಗ ತಿರುಗಾಡ್ಲಾಕ ಬಿಡೋದೂ ಬ್ಯಾಡ. "ಅರ್ಜಿ ಟಪಾಲಿನಾಗ ಕೊಡ್ರಿ, ಸಾಹೇಬ್ರು ಒಪ್ಪಿದ್ರ ನೋಟಿಸ್ ಬೋರ್ಡಿಗೆ ಹಚ್ಚತೀವಿ" ಅಂತ ಹೇಳ್ರಿ. ಸಂಸ್ಥೆ ಖರೇ ಇದ್ರ ಪ್ಯಾನ್, ನೋಂದಣಿ ನಂಬರ್ ಕೊಡ್ಲಾಕ ಹಿಂದಮುಂದ ನೋಡಂಗಿಲ್ಲ, ನೀತಿ ಆಯೋಗದ ಎನ್‌ಜಿಓ ದರ್ಪಣ್ ಪೋರ್ಟಲ್‌ನಾಗ ಹೆಸರು ಹುಡುಕಿದ್ರ ಎಷ್ಟೋ ಸಂಸ್ಥೆ ಸಿಗ್ತಾವ.

ನಿಮಗ ಕೊಡ್ಲಾಕ ಮನಸ್ಸಿಲ್ಲ ಅಂದ್ರ

ಕಾರಣ ಹೇಳಬೇಕಂತಿಲ್ಲ. "ಈ ಸಲ ಆಗಂಗಿಲ್ರಿ" ಅಂದ್ರ ಸಾಕು, ಮನಿ ಕಷ್ಟ ಬಿಚ್ಚಿಡೋದು ಬ್ಯಾಡ. ಮತ್ತೆ ಮತ್ತೆ ಕೇಳಿದ್ರ "ಪರ್ಮಿಶನ್ ಪತ್ರದ ನಕಲು ಒಂದು ಕೊಡ್ರಿ" ಅಂತ ಮೆತ್ತಗ ಕೇಳಿ ನೋಡ್ರಿ, ಬಾಳ ಸಲ ಪಟ್ಟಿ ಅಲ್ಲೇ ಮಡಚಿ ಕಿಸೆಗೆ ಹೋಗ್ತದ. ಕೊಟ್ಟಿಲ್ಲ ಅಂತ ರಜಾ ಕೊಡದೇ ಸತಾಯಿಸೋದು, ಡ್ಯೂಟಿ ಬದಲು ಮಾಡೋದು ಶುರು ಆದ್ರ ತಾರೀಖು ಸಮೇತ ಬರೆದಿಟ್ಕೋರಿ, ವಾಟ್ಸಾಪ್ ಮೆಸೇಜ್ ಡಿಲೀಟ್ ಮಾಡಬ್ಯಾಡ್ರಿ, ಮೇಲಿನ ಅಧಿಕಾರಿಗೆ ಲಿಖಿತವಾಗಿ ಕೊಡ್ರಿ. ಅನುಮತಿ ಇಲ್ಲದೇ ವಂತಿಗೆ ಎತ್ತಿದೋರ ಮ್ಯಾಲ ರಾಜ್ಯ ನೌಕರರಿಗಾದ್ರ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಕೆಳಗ ಇಲಾಖಾ ವಿಚಾರಣೆ ಮಾಡ್ಲಾಕ ಬರ್ತದ.